ಮುಷ್ಕರದ ದಿನಗಳಲ್ಲಿ ಕಂಡ ಪಟ್ಟಣ

ಪರಸ್ಥಳಕ್ಕೆ ಹೋಗಿ ಬಂದವರು ಅಲ್ಲಿಯ ವಿಷಯವಾಗಿ ತೀರ್ಪು ಹೇಳುವುದು ಬಹು ಬೇಗನೆ. ಮೂರು ದಿನ ಇದ್ದು ಬಂದವರು ಮೂವತ್ತು ವರ್ಷ ಬಾಳಿದವರಂತೆ ಮಾತಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ಊರು ಬಹು ಚೊಕ್ಕಟ, ಈ ಊರಿನ ಜನರಿಗೆ ಶಿಸ್ತಿಲ್ಲ, ಇನ್ನೊಂದು ಊರಿಗೆ ಯಾರೂ ಹೋಗಬಾರದು ಎಂದು ಅವರು ನಿಸ್ಸಂಶಯವಾಗಿ ನುಡಿಯುತ್ತಾರೆ. ಈ ತೀರ್ಪಿಗೆ ಆಧಾರವೇನೆಂದು ವಿಚಾರಿಸಿದರೆ ಅದು ಅರಮನೆಯಾಗಲಿ, ಚಿತ್ರಶಾಲೆಯಾಗಲಿ, ಪುರಾತನ ದೇವಾಲಯವಾಗಲಿ ಅಲ್ಲ. ರೈಲು ಹೊತ್ತಿಗೆ ಸರಿಯಾಗಿ ಬಂದಿತೇ, ಬೀದಿಯನ್ನು ಗುಡಿಸಿದ್ದರೇ, ರಾತ್ರಿ ಬಿಡಾರಕ್ಕೆ ಹಿಂದಿರುಗಲು ಬಸ್ಸು ಸಿಕ್ಕಿತೇ ಎಂಬ ಸಣ್ಣ ಸಂಗತಿಗಳೇ ಆ ಅಭಿಪ್ರಾಯದ ಬುನಾದಿಯಾಗಿರುತ್ತವೆ.

ಈ ಸೇವೆಗಳೆಲ್ಲ ಸುಗಮವಾಗಿ ನಡೆಯುವಾಗ ಪ್ರವಾಸಿಯು ಅವುಗಳನ್ನು ಗಮನಿಸುವುದೇ ಇಲ್ಲ. ಅವು ನಿಂತ ದಿನವೇ ಅವನ ಕಣ್ಣಿಗೆ ಬೀಳುತ್ತವೆ. ಆದುದರಿಂದ ಸಾರ್ವಜನಿಕ ಸೇವೆಯ ನೌಕರರು ಮುಷ್ಕರ ಹೂಡಿದ ದಿನಗಳಲ್ಲಿ ಒಂದು ಪಟ್ಟಣವನ್ನು ನೋಡಿದವನ ಮನಸ್ಸಿನಲ್ಲಿ ಉಳಿಯುವ ಚಿತ್ರವು ಎಷ್ಟರ ಮಟ್ಟಿಗೆ ಸತ್ಯ, ಎಷ್ಟರ ಮಟ್ಟಿಗೆ ಮಿಥ್ಯ ಎಂಬುದು ವಿಚಾರಾರ್ಹವಾದ ಪ್ರಶ್ನೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ವಿದ್ಯೆಗೋ ಉದ್ಯೋಗಕ್ಕೋ ದೂರದ ನಗರಗಳನ್ನು ಸೇರುತ್ತಿದ್ದಾರೆ; ಅವರ ತಾಯಿತಂದೆಗಳು ವಾರ್ತೆಗಳಲ್ಲಿ ಆ ನಗರಗಳ ಗಲಭೆಯನ್ನು ಕಂಡು ಕಳವಳಗೊಳ್ಳುತ್ತಾರೆ. ಇಬ್ಬರಿಗೂ ಉಪಯೋಗವಾದೀತೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು ಪ್ಯಾರಿಸ್ ನಗರದ ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೨೩ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಹೋದವರು ಆ ನಗರವನ್ನು ಸುಲಭವಾಗಿ ಮರೆಯಲಾರರು. ಆ ತಿಂಗಳ ೬ನೆಯ ತಾರೀಖಿನಿಂದ ನಗರದ ಕಸ ಸಾಗಿಸುವವರು ಮುಷ್ಕರ ಹೂಡಿದರು. ಮೂರು ವಾರಗಳಿಗೂ ಮಿಕ್ಕು ನಡೆದ ಈ ಮುಷ್ಕರದಲ್ಲಿ ಬೀದಿಯಲ್ಲಿ ಬಿದ್ದ ಕಸವು ಒಂದು ಹಂತದಲ್ಲಿ ೧೦,೦೦೦ ಟನ್ನುಗಳನ್ನು ಮೀರಿತು. ಪ್ರಪಂಚದಲ್ಲೆಲ್ಲ ಸೊಬಗಿಗೆ ಹೆಸರಾದ ಬೀದಿಗಳಲ್ಲಿ ಕರಿಯ ಚೀಲಗಳ ರಾಶಿ ಆಳೆತ್ತರಕ್ಕೆ ಬೆಳೆಯಿತು. ಕೆಲವು ದಿನ ಐಫೆಲ್ ಗೋಪುರವು ಮುಚ್ಚಿತ್ತು. ೨೭ನೆಯ ತಾರೀಖು ಲೂವ್ರ್ ವಸ್ತುಸಂಗ್ರಹಾಲಯದ ಬಾಗಿಲನ್ನು ಅದರ ನೌಕರರೇ ಅಡ್ಡಗಟ್ಟಿದರು. ಇಂಗ್ಲೆಂಡಿನ ದೊರೆ ಮೂರನೆಯ ಚಾರ್ಲ್ಸರು ಅದೇ ತಿಂಗಳ ಕೊನೆಯಲ್ಲಿ ಕೈಗೊಳ್ಳಬೇಕಾಗಿದ್ದ ಭೇಟಿಯನ್ನು ಮುಂದಕ್ಕೆ ಹಾಕಿ, ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದರು. ದೊರೆಗಾದರೆ ಭೇಟಿಯನ್ನು ಮುಂದಕ್ಕೆ ಹಾಕಬಹುದು. ವರ್ಷಗಟ್ಟಲೆ ಹಣ ಕೂಡಿಸಿ, ರಜೆ ಬೇಡಿ, ಟಿಕೀಟು ಕೊಂಡು ಬಂದ ಸಾಮಾನ್ಯ ಪ್ರವಾಸಿಗೆ ಆ ಅನುಕೂಲವಿಲ್ಲ. ಅವನು ಮೂಗು ಮುಚ್ಚಿಕೊಂಡು ನಡೆದು, ಮುಚ್ಚಿದ ಬಾಗಿಲುಗಳನ್ನು ನೋಡಿ, ಪ್ಯಾರಿಸ್ ಕೊಳಕು ಊರೆಂದು ಹೇಳುತ್ತ ಮನೆಗೆ ಮರಳಿದರೆ ಅವನನ್ನು ತೀರ ದೂರುವಂತಿಲ್ಲ.

ಆದರೂ ಆ ತೀರ್ಪು ನ್ಯಾಯವಾದುದಲ್ಲ. ಅದಕ್ಕೆ ಮೂರು ಕಾರಣಗಳುಂಟು. ಒಂದನೆಯದಾಗಿ, ಪ್ಯಾರಿಸಿನ ಇಪ್ಪತ್ತು ವಿಭಾಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರವೇ ನಗರಸಭೆಯ ನೌಕರರು ಕಸವನ್ನು ಸಾಗಿಸುತ್ತಿದ್ದರು. ಉಳಿದವುಗಳಲ್ಲಿ ಆ ಕೆಲಸವು ಖಾಸಗಿ ಕಂಪನಿಗಳ ಕೈಯಲ್ಲಿತ್ತು. ಆದುದರಿಂದ ಒಂದು ವಿಭಾಗದಲ್ಲಿ ಇಳಿದುಕೊಂಡವನು ಗುಡ್ಡದಂಥ ರಾಶಿಯನ್ನು ಕಂಡರೆ, ಅಷ್ಟು ದೂರವಲ್ಲದ ಇನ್ನೊಂದು ವಿಭಾಗದಲ್ಲಿ ಇಳಿದವನು ಹೆಚ್ಚುಕಡಿಮೆ ಎಂದಿನಂಥ ಬೀದಿಯನ್ನೇ ಕಂಡನು. ಎರಡನೆಯದಾಗಿ, ಅದು ಆ ನಗರದ ನಿತ್ಯದ ಸ್ಥಿತಿಯಲ್ಲ. ಕೆಲವು ವಾರಗಳ ಸ್ಥಿತಿ. ಮೂರನೆಯದಾಗಿ, ಅದು ಅಲಕ್ಷ್ಯದಿಂದಲೋ ಸೋಮಾರಿತನದಿಂದಲೋ ಆದ ಕೊಳೆಯಲ್ಲ. ಫ್ರೆಂಚ್ ಸರಕಾರವು ವಿಶ್ರಾಂತಿ ವೇತನದ ವಯಸ್ಸನ್ನು ೬೨ರಿಂದ ೬೪ಕ್ಕೆ ಏರಿಸಲು ಹೊರಟಿತ್ತು. ಕಸ ಸಾಗಿಸುವವರು ಕೆಲಸದ ಕಷ್ಟದ ನಿಮಿತ್ತ ೫೭ನೆಯ ವಯಸ್ಸಿನಲ್ಲಿ ನಿವೃತ್ತರಾಗಬಹುದಾಗಿತ್ತು. ಅವರಿಗೂ ಎರಡು ವರ್ಷ ಹೆಚ್ಚಾಗುವುದಿತ್ತು. ಚಳಿಯಲ್ಲಿಯೂ ಮಳೆಯಲ್ಲಿಯೂ ನಸುಕಿನಲ್ಲೆದ್ದು ಲಾರಿಯ ಹಿಂದೆ ಓಡುವವನಿಗೆ ಎರಡು ವರ್ಷವೆಂದರೆ ಅಲ್ಪವಲ್ಲ. ಸರಕಾರಕ್ಕೂ ತನ್ನ ವಾದವಿತ್ತು: ಜನರು ಹೆಚ್ಚು ಕಾಲ ಬದುಕುತ್ತಿದ್ದಾರೆ, ಬೊಕ್ಕಸವು ಭಾರವನ್ನು ತಾಳದು ಎಂದು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ತೀರ್ಮಾನಿಸುವುದು ಪ್ರವಾಸಿಯ ಕರ್ತವ್ಯವಲ್ಲ. ಆದರೆ ಬೀದಿಯಲ್ಲಿದ್ದುದು ಬರಿಯ ಕಸವಲ್ಲ, ಒಂದು ವಾದವೆಂಬುದನ್ನು ತಿಳಿದುಕೊಳ್ಳುವುದು ಅವನ ಕರ್ತವ್ಯವೇ ಸರಿ.

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಪಾತ್ರೆಯ ಅನ್ನಕ್ಕೆ ಈ ಮಾತು ಒಪ್ಪುವುದು, ಪಟ್ಟಣಕ್ಕೆ ಒಪ್ಪದು. ಪಾತ್ರೆಯಲ್ಲಿ ಎಲ್ಲ ಅಗುಳಿಗೂ ಒಂದೇ ಬೆಂಕಿ; ಪಟ್ಟಣದಲ್ಲಿ ಒಂದೊಂದು ಬೀದಿಗೂ ಒಂದೊಂದು ದಿನಕ್ಕೂ ಬೇರೆ ಬೇರೆ ಬೆಂಕಿ. ಭಾಗವನ್ನು ಇಡಿಯೆಂದೂ, ವಾರವನ್ನು ವರ್ಷವೆಂದೂ, ಕಣ್ಣಿಗೆ ಕಂಡ ಪರಿಣಾಮವನ್ನೇ ಕಾರಣವೆಂದೂ ತಿಳಿಯುವುದು ಪ್ರವಾಸಿಯ ಮೂರು ದೊಡ್ಡ ತಪ್ಪುಗಳು.

ಇದರ ಮೇಲಿಂದ ಮುಷ್ಕರದ ದಿನದಲ್ಲಿ ಕಂಡದ್ದೆಲ್ಲ ಸುಳ್ಳೆಂದು ಹೇಳಿದಂತಾಗಲಿಲ್ಲ. ಬೇರೆ ದಿನಗಳಲ್ಲಿ ಕಾಣದ ಸತ್ಯವೂ ಆಗ ಕಾಣುವುದುಂಟು. ಇದಕ್ಕೆ ಅಮೇರಿಕದ ಎರಡು ನಗರಗಳು ಸಾಕ್ಷಿಯಾಗಿವೆ.

೧೯೬೮ನೆಯ ಇಸವಿಯ ಫೆಬ್ರುವರಿ ೨ರಿಂದ ೧೦ರವರೆಗೆ ನ್ಯೂಯಾರ್ಕಿನಲ್ಲಿ ಕಸ ಸಾಗಿಸುವವರ ಮುಷ್ಕರ ನಡೆಯಿತು. ದಿನವೊಂದಕ್ಕೆ ಸುಮಾರು ೧೦,೦೦೦ ಟನ್ನಿನಂತೆ ಕಸ ಸೇರುತ್ತ ಹೋಯಿತು. ಅದು ಮುಗಿದ ಎರಡೇ ದಿನಗಳ ಮೇಲೆ, ೧೨ನೆಯ ತಾರೀಖಿಗೆ, ದಕ್ಷಿಣದ ಮೆಂಫಿಸ್ ನಗರದಲ್ಲಿ ಸುಮಾರು ೧,೩೦೦ ಮಂದಿ ಕರಿಯ ಕಾರ್ಮಿಕರು ಅದೇ ಕೆಲಸವನ್ನು ನಿಲ್ಲಿಸಿದರು. ಎರಡು ಊರುಗಳಲ್ಲಿಯೂ ಬೀದಿಯಲ್ಲಿ ಕಂಡದ್ದು ಕಸವೇ. ಆದರೆ ಮೆಂಫಿಸಿನ ಕಥೆಯ ಮೂಲವು ಫೆಬ್ರುವರಿ ೧ನೆಯ ತಾರೀಖಿನಲ್ಲಿದೆ. ಅಂದು ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕೆಲಸಗಾರರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದರು. ಕಸವನ್ನು ಅಮುಕುವ ಯಂತ್ರವು ಕೆಟ್ಟು ತಾನಾಗಿ ಚಲಿಸಿತು. ಇಬ್ಬರೂ ಅದರಲ್ಲಿ ಸಿಕ್ಕಿ ಸತ್ತರು. ಮುಷ್ಕರಕ್ಕಿಳಿದವರು ತಮ್ಮ ಫಲಕಗಳ ಮೇಲೆ ಸಂಬಳದ ಅಂಕೆಯನ್ನಲ್ಲ, ತಾವೂ ಮನುಷ್ಯರೆಂಬ ಒಂದೇ ಮಾತನ್ನು ಬರೆದುಕೊಂಡು ನಡೆದರು. ಅವರಿಗೆ ಬೆಂಬಲವಾಗಿ ಬಂದ ಮಾರ್ಟಿನ್ ಲೂಥರ್ ಕಿಂಗರು ಏಪ್ರಿಲ್ ೩ರಂದು ಅಲ್ಲಿ ತಮ್ಮ ಕಡೆಯ ಭಾಷಣವನ್ನು ಮಾಡಿ, ಮರುದಿನ ಲೊರೇನ್ ಮೋಟೆಲ್ ಎಂಬ ವಸತಿಗೃಹದಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ ೧೬ರಂದು ನಗರಾಡಳಿತವು ಕಾರ್ಮಿಕರ ಸಂಘವನ್ನು ಮನ್ನಿಸಿ, ಸಂಬಳವನ್ನು ಹೆಚ್ಚಿಸಲು ಒಪ್ಪಿತು.

ಆ ಎರಡು ತಿಂಗಳಲ್ಲಿ ಮೆಂಫಿಸಿಗೆ ಹೋದ ಪ್ರವಾಸಿಯು ಊರು ಹೊಲಸಾಗಿದೆಯೆಂದಷ್ಟೇ ಬರೆದಿದ್ದರೆ ಅವನು ಏನನ್ನೂ ನೋಡಿರಲಿಲ್ಲವೆಂದೇ ಹೇಳಬೇಕು. ಬೀದಿಗಳು ಚೊಕ್ಕಟವಾಗಿದ್ದ ಹಿಂದಿನ ವರ್ಷದಲ್ಲಿ ಹೋದವನಾದರೋ ಸುಂದರವಾದ ಊರೆಂದು ಮೆಚ್ಚಿ ಬರುತ್ತಿದ್ದನು. ಆ ಚೊಕ್ಕಟತನವನ್ನು ಎಂಥ ಕೈಗಳು ಎಂಥ ಬೆಲೆಗೆ ಮಾಡುತ್ತಿದ್ದವೆಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಇಂದು ಆ ಊರಿಗೆ ಹೋಗುವ ಯಾತ್ರಿಕರು ತಪ್ಪದೆ ನೋಡುವ ಸ್ಥಳಗಳಲ್ಲಿ ಆ ಲೊರೇನ್ ಮೋಟೆಲ್ ಒಂದು. ೧೯೯೧ರಿಂದ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ. ಊರಿನ ಹೆಸರನ್ನು ಕೆಡಿಸಿತೆಂದು ಅಂದು ಕೆಲವರು ಭಾವಿಸಿದ ಮುಷ್ಕರವೇ ಇಂದು ಆ ಊರನ್ನು ನೋಡಲು ಜನರನ್ನು ಕರೆತರುತ್ತಿದೆ.

ಇನ್ನು ಬಸ್ಸು ರೈಲುಗಳು ನಿಂತ ದಿನದ ಮಾತು. ಕಸದ ಮುಷ್ಕರವು ಪ್ರವಾಸಿಯ ಕಣ್ಣನ್ನೂ ಮೂಗನ್ನೂ ನೋಯಿಸಿದರೆ, ಸಂಚಾರದ ಮುಷ್ಕರವು ಅವನ ಕಾಲುಗಳನ್ನೇ ಕಟ್ಟಿಹಾಕುವುದು. ಆದರೆ ಇಲ್ಲಿಯೂ ಒಂದು ವಿಚಿತ್ರ ಲಾಭವುಂಟು. ೨೦೧೪ನೆಯ ಫೆಬ್ರುವರಿ ಮೊದಲ ವಾರದಲ್ಲಿ ಲಂಡನ್ನಿನ ಭೂಗರ್ಭ ರೈಲಿನ ನೌಕರರು ಟಿಕೀಟು ಕಚೇರಿಗಳನ್ನು ಮುಚ್ಚುವ ಯೋಜನೆಯನ್ನು ವಿರೋಧಿಸಿ ಎರಡು ದಿನ ಕೆಲಸ ನಿಲ್ಲಿಸಿದರು. ೨೭೦ ನಿಲ್ದಾಣಗಳಲ್ಲಿ ೧೭೧ ಮುಚ್ಚಿದವು. ನಿತ್ಯದ ಪ್ರಯಾಣಿಕರು ಬೇರೆ ದಾರಿಗಳನ್ನು ಹುಡುಕಬೇಕಾಯಿತು. ಮುಂದೆ ಅರ್ಥಶಾಸ್ತ್ರಜ್ಞರು ಪ್ರಯಾಣದ ಚೀಟಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಹೀಗೆ ಒತ್ತಾಯದಿಂದ ಹೊಸ ದಾರಿ ಹಿಡಿದವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರು ಮುಷ್ಕರ ಮುಗಿದ ಮೇಲೆಯೂ ಆ ಹೊಸ ದಾರಿಯಲ್ಲಿಯೇ ಹೋಗುತ್ತಿದ್ದುದು ಕಂಡುಬಂದಿತು. ಅಷ್ಟು ವರ್ಷ ಅವರು ಹಳೆಯ ದಾರಿಯೇ ಉತ್ತಮವೆಂದು ನಂಬಿದ್ದರು. ಇದಕ್ಕೆ ಒಂದು ಕಾರಣವು ಆ ರೈಲಿನ ನಕಾಶೆಯಲ್ಲಿಯೇ ಇದೆ. ಹ್ಯಾರಿ ಬೆಕ್ ಎಂಬಾತನು ರಚಿಸಿ ೧೯೩೩ರಲ್ಲಿ ಪ್ರಕಟವಾದ ಆ ಪ್ರಸಿದ್ಧ ನಕಾಶೆಯು ನೋಡಲು ಸರಳವಾಗಿದ್ದರೂ ನೆಲದ ಮೇಲಿನ ದೂರಗಳನ್ನು ಯಥಾವತ್ತಾಗಿ ತೋರಿಸುವುದಿಲ್ಲ. ಲೀಸ್ಟರ್ ಸ್ಕ್ವೇರಿನಿಂದ ಕಾವೆಂಟ್ ಗಾರ್ಡನಿಗೆ ರೈಲು ಹತ್ತುವ ಹೊಸಬರು ಅನೇಕರು. ನಡೆದು ಹೋದರೆ ಅದು ಐದಾರು ನಿಮಿಷದ ಹಾದಿ. ರೈಲು ನಿಂತ ದಿನ ಈ ಸತ್ಯವು ತಾನಾಗಿ ಹೊರಬೀಳುತ್ತದೆ. ನೆಲದೊಳಗಿಂದ ಹೋಗುವವನಿಗೆ ಲಂಡನ್ ಎಂದರೆ ಬಿಡಿಬಿಡಿಯಾದ ಬಿಂದುಗಳು. ಮೇಲೆ ನಡೆಯುವವನಿಗೆ ಅದು ಒಂದೇ ಊರು.

ಪ್ಯಾರಿಸಿನಲ್ಲಿಯೂ ೧೯೯೫ರ ನವೆಂಬರ್ ಡಿಸೆಂಬರುಗಳಲ್ಲಿ ರೈಲು ಬಸ್ಸುಗಳು ಮೂರು ವಾರ ನಿಂತಿದ್ದಾಗ ಜನರು ಕೊರೆಯುವ ಚಳಿಯಲ್ಲಿ ನಡೆದರು, ಬೈಸಿಕಲ್ಲುಗಳನ್ನು ಹೊರತೆಗೆದರು, ಗುರುತಿಲ್ಲದವರನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೋದರು. ಮರುವರ್ಷವೇ ನಗರಾಡಳಿತವು ಬೈಸಿಕಲ್ ಹಾದಿಗಳ ಯೋಜನೆಯನ್ನು ಕೈಗೊಂಡಿತು. ಇಕ್ಕಟ್ಟಿನ ಕಾಲದಲ್ಲಿ ಜನರು ಒಬ್ಬರಿಗೊಬ್ಬರು ಹೇಗಾದರೆಂಬುದನ್ನು ಪ್ರವಾಸಿಯು ನೋಡಿದರೆ, ಗೋಪುರಗಳಿಗಿಂತ ಹೆಚ್ಚಿನದನ್ನು ನೋಡಿದಂತಾಯಿತು.

ಹೀಗೆಂದ ಮಾತ್ರಕ್ಕೆ ಮುಷ್ಕರವನ್ನು ವಿನೋದವೆಂದು ಯಾರೂ ಭಾವಿಸಬಾರದು. ಅದರ ಭಾರವು ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಕೈಯಲ್ಲಿ ಹಣವುಳ್ಳ ಪ್ರವಾಸಿಯು ಟ್ಯಾಕ್ಸಿ ಹಿಡಿಯುತ್ತಾನೆ, ಇಲ್ಲವೆ ಇನ್ನೊಂದು ಊರಿಗೆ ಹೊರಟುಹೋಗುತ್ತಾನೆ. ಆಸ್ಪತ್ರೆಗೆ ಹೋಗಬೇಕಾದ ಮುದುಕಿ, ಪರೀಕ್ಷೆಗೆ ಹೊರಟ ಬಾಲಕಿ, ಕತ್ತಲಾದ ಮೇಲೆ ಕೆಲಸದಿಂದ ಒಬ್ಬಳೇ ನಡೆದುಬರಬೇಕಾದ ಹೆಂಗಸು, ಇವರು ಎಲ್ಲಿಗೆ ಹೋದಾರು? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೨೦೨೫ನೆಯ ಮಾರ್ಚ್ ೧೧ರಿಂದ ಕಸ ಸಾಗಿಸುವವರು ಪೂರ್ಣ ಮುಷ್ಕರಕ್ಕಿಳಿದಾಗ, ತಿಂಗಳ ಕೊನೆಯೊಳಗೆ ೧೭,೦೦೦ ಟನ್ ಕಸ ಬೀದಿಯಲ್ಲಿದೆಯೆಂದು ನಗರಸಭೆಯೇ ಅಂದಾಜು ಮಾಡಿ, ಅದನ್ನು ಗಂಭೀರ ವಿಪತ್ತೆಂದು ಸಾರಿತು. ಒಂದು ಹುದ್ದೆಯನ್ನು ರದ್ದುಮಾಡಿ ಸಂಬಳವನ್ನು ತಗ್ಗಿಸುತ್ತಾರೆಂಬುದು ಕೆಲಸಗಾರರ ಅಳಲು. ೨೦೨೩ರಲ್ಲಿಯೇ ಲೆಕ್ಕ ಸರಿದೂಗಿಸಲಾರೆನೆಂದು ಒಪ್ಪಿಕೊಂಡಿದ್ದ ನಗರಸಭೆಯದು ಬರಿದಾದ ಬೊಕ್ಕಸದ ಅಳಲು. ಇಲಿಗಳ ಕಾಟವನ್ನು ತಾಳಿದವರು ಮಾತ್ರ ಈ ಎರಡೂ ಕಡೆಗೆ ಸೇರದ ಬಡ ಬೀದಿಗಳ ನಿವಾಸಿಗಳು. ಪ್ರವಾಸಿಯು ತನ್ನ ತೊಂದರೆಯನ್ನು ಅಳೆಯುವಾಗ ಇವರ ತೊಂದರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅವನ ದೂರು ಅರ್ಧಕ್ಕರ್ಧ ಕಡಿಮೆಯಾಗುವುದು.

ಒಂದು ಮುಷ್ಕರವು ಪ್ರವಾಸಿಯ ಮನಸ್ಸನ್ನು ಎಷ್ಟು ಕೆಡಿಸುತ್ತದೆಂಬುದು ಬಹುಮಟ್ಟಿಗೆ ಮುನ್ಸೂಚನೆಯನ್ನು ಅವಲಂಬಿಸಿದೆ. ತಿಳಿದು ಅನುಭವಿಸುವ ಕಷ್ಟಕ್ಕೂ ತಿಳಿಯದೆ ಮೈಮೇಲೆ ಬೀಳುವ ಕಷ್ಟಕ್ಕೂ ಬಹಳ ಅಂತರವಿದೆ. ಇದನ್ನರಿತು ಅನೇಕ ದೇಶಗಳು ಕಾನೂನುಗಳನ್ನು ಮಾಡಿಕೊಂಡಿವೆ. ಇಟಲಿಯಲ್ಲಿ ೧೯೯೦ರ ಕಾನೂನಿನ ಪ್ರಕಾರ ಅವಶ್ಯ ಸೇವೆಗಳ ಮುಷ್ಕರಕ್ಕೆ ಹತ್ತು ದಿನಗಳ ಮುನ್ಸೂಚನೆ ಬೇಕು. ಕೆಲಸದ ದಿನಗಳಲ್ಲಿ ಬೆಳಿಗ್ಗೆ ೬ರಿಂದ ೯ರವರೆಗೂ ಸಂಜೆ ೬ರಿಂದ ೯ರವರೆಗೂ ಪ್ರಾದೇಶಿಕ ರೈಲುಗಳಲ್ಲಿ ಅತ್ಯವಶ್ಯವಾದವು ಓಡಲೇಬೇಕು. ಫ್ರಾನ್ಸಿನಲ್ಲಿ ಸಾರ್ವಜನಿಕ ಸೇವೆಗೆ ಐದು ದಿನಗಳ ಮುನ್ಸೂಚನೆಯ ನಿಯಮವಿದೆ. ೨೦೦೭ರ ಕಾನೂನಿನಂತೆ ಸಂಚಾರ ಸೇವೆಯ ನೌಕರರು ತಾವು ಮುಷ್ಕರದಲ್ಲಿ ಸೇರುವುದನ್ನು ೪೮ ಗಂಟೆ ಮೊದಲು ತಿಳಿಸಬೇಕು, ಯಾವ ಗಾಡಿಗಳು ಓಡುವವೆಂಬುದನ್ನು ಪ್ರಯಾಣಿಕರಿಗೆ ೨೪ ಗಂಟೆ ಮೊದಲು ಸಾರಬೇಕು. ನಮ್ಮ ದೇಶದಲ್ಲಿ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯು ಸಾರ್ವಜನಿಕ ಸೇವೆಗಳಿಗೆ ಹದಿನಾಲ್ಕು ದಿನಗಳ ಮುನ್ಸೂಚನೆಯನ್ನು ವಿಧಿಸಿತ್ತು. ೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯು ಆ ನಿಯಮವನ್ನು ಉಳಿದ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿದೆ. ಆದುದರಿಂದ ಪರಸ್ಥಳಕ್ಕೆ ಹೊರಡುವ ನಮ್ಮ ಹೆಣ್ಣುಮಕ್ಕಳು ಹವೆಯನ್ನು ವಿಚಾರಿಸುವಂತೆಯೇ ಇದನ್ನೂ ವಿಚಾರಿಸಿಕೊಳ್ಳಬೇಕು. ಬಿಡಾರವನ್ನು ಕೆಲಸದ ಸ್ಥಳಕ್ಕೋ ನಿಲ್ದಾಣಕ್ಕೋ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯುವುದು, ವಿಮಾನವಿರುವ ದಿನಕ್ಕೂ ದೂರದ ರೈಲು ಪ್ರಯಾಣಕ್ಕೂ ನಡುವೆ ಒಂದು ದಿನದ ಬಿಡುವನ್ನಿಡುವುದು, ನಡೆಯಲು ಯೋಗ್ಯವಾದ ಪಾದರಕ್ಷೆಯನ್ನು ಮರೆಯದಿರುವುದು, ಇವು ಅಲ್ಪವೆಂದು ತೋರಿದರೂ ಆಪತ್ತಿನಲ್ಲಿ ದೊಡ್ಡ ಉಪಕಾರ ಮಾಡುತ್ತವೆ.

ಪರರ ಊರುಗಳ ಮಾತಾಯಿತು. ನಮ್ಮ ಊರನ್ನು ನೋಡಲು ಬರುವವರೂ ಇದ್ದಾರಲ್ಲವೇ? ೨೦೨೧ನೆಯ ಏಪ್ರಿಲ್ ೭ರಿಂದ ೨೧ರವರೆಗೆ ನಮ್ಮ ರಾಜ್ಯದ ಸಾರಿಗೆ ನೌಕರರು ಆರನೆಯ ವೇತನ ಆಯೋಗಕ್ಕೆ ಸಮನಾದ ಸಂಬಳವನ್ನು ಕೇಳಿ ಮುಷ್ಕರ ಹೂಡಿದ್ದು ಎಲ್ಲರ ನೆನಪಿನಲ್ಲಿದೆ. ಅದು ಯುಗಾದಿಯ ಕಾಲ. ಕೊರೋನಾ ವ್ಯಾಧಿಯ ಎರಡನೆಯ ಅಲೆಯು ಏರುತ್ತಿದ್ದ ಕಾಲ. ಹಬ್ಬಕ್ಕೆ ಊರಿಗೆ ಹೊರಟವರು ಗಂಟುಮೂಟೆಗಳೊಡನೆ ಬಸ್ ನಿಲ್ದಾಣಗಳಲ್ಲಿ ಖಾಸಗಿ ವಾಹನಗಳಿಗಾಗಿ ಕಾದರು. ಹಬ್ಬದ ಹಿಂದಿನ ದಿನ ನೌಕರರೂ ಅವರ ಮನೆಯವರೂ ತಟ್ಟೆಲೋಟಗಳನ್ನು ಬಡಿದು ತಮ್ಮ ಬರಿಗೈಯನ್ನು ಲೋಕಕ್ಕೆ ತೋರಿಸಿದರು. ಆ ವಾರದಲ್ಲಿ ಬೆಂಗಳೂರಿಗೆ ಬಂದಿಳಿದ ಹೊಸಬನು ಈ ಊರಿಗೆ ಬಸ್ಸೇ ಇಲ್ಲವೆಂದು ಬರೆದಿದ್ದರೆ ನಮಗೆ ನೋವಾಗುತ್ತಿರಲಿಲ್ಲವೇ? ಆ ನೋವನ್ನು ನೆನೆದರೆ ಪ್ಯಾರಿಸಿನ ವಿಷಯದಲ್ಲಿ ನಾವು ಬರೆಯುವ ಮಾತೂ ಮೃದುವಾಗುವುದು.

ಮರುವರ್ಷ, ೨೦೨೨ನೆಯ ಜುಲೈ ಮೊದಲ ವಾರದಲ್ಲಿ, ಪೌರಕಾರ್ಮಿಕರು ಪೊರಕೆಯನ್ನು ಕೆಳಗಿಟ್ಟರು. ಅವರಲ್ಲಿ ಬಹುಮಂದಿ ಹೆಂಗಸರು. ಗುತ್ತಿಗೆಯ ಪದ್ಧತಿಯನ್ನು ಬಿಟ್ಟು ಕೆಲಸವನ್ನು ಖಾಯಂ ಮಾಡಬೇಕೆಂಬುದು ಅವರ ಬೇಡಿಕೆ. ನಾಲ್ಕೇ ದಿನಗಳಲ್ಲಿ ಸರಕಾರವು ಲಿಖಿತ ಭರವಸೆ ಕೊಟ್ಟಿತು. ೨೦೨೫ರ ಮೇ ೧ರಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಮಿಕ್ಕ ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರಗಳು ದೊರೆತವು. ನಾವು ಮಕ್ಕಳಾಗಿದ್ದಾಗಿನಿಂದಲೂ ಶಾಲೆಯ ಗಂಟೆಗೆ ಮೊದಲೇ ಬೀದಿಯನ್ನು ಗುಡಿಸಿ ಹೋಗುತ್ತಿದ್ದ ಹೆಂಗಸರು ಇವರೇ, ಇಲ್ಲವೆ ಇವರ ತಾಯಂದಿರು. ನಮ್ಮ ಬಿಳಿಯ ಸಮವಸ್ತ್ರಕ್ಕೆ ಕೊಳೆ ತಾಗದಂತೆ ನಡೆದುಬಂದ ದಾರಿಯು ಅವರ ಕೈಯ ಕೆಲಸವೆಂಬುದು ಆ ನಾಲ್ಕು ದಿನ ಎಲ್ಲರಿಗೂ ಕಂಡಿತು. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿ ತಿಳಿದಿದ್ದೆವು?

ಮುಷ್ಕರದ ದಿನದಲ್ಲಿ ಪಟ್ಟಣವು ತನ್ನ ಒಳಮೈಯನ್ನು ತೋರಿಸುತ್ತದೆ. ಮನೆಗೆ ಬಂದ ಅತಿಥಿಯು ಪಡಸಾಲೆಯನ್ನಷ್ಟೇ ನೋಡುತ್ತಾನೆ. ಒಲೆ ಹೊತ್ತದ ದಿನ ಅಡಿಗೆಮನೆಯ ಬಾಗಿಲು ಅವನಿಗೆ ತೆರೆದು ಕಾಣುತ್ತದೆ. ಅಲ್ಲಿ ಹೊಗೆ ಹಿಡಿದ ಗೋಡೆಯನ್ನು ಕಂಡು ಮೂಗು ಮುರಿಯುವುದು ಸಜ್ಜನರ ಲಕ್ಷಣವಲ್ಲ. ಅಷ್ಟು ದಿನ ಯಾರು ಆ ಹೊಗೆಯಲ್ಲಿ ನಿಂತು ಬಡಿಸುತ್ತಿದ್ದರೆಂದು ಕೇಳುವುದೇ ಲಕ್ಷಣ. ಆದುದರಿಂದ ದೂರದ ನಗರದಿಂದ ಮನೆಗೆ ಪತ್ರ ಬರೆಯುವ ನಮ್ಮ ಸೋದರಿಯರು, ಇಲ್ಲಿ ಇಂದು ಬಸ್ಸಿಲ್ಲ, ಬೀದಿಯಲ್ಲಿ ಕಸವಿದೆ ಎಂದು ಬರೆಯುವುದಾದರೆ ಅದರ ಜೊತೆಗೆ ಮೂರು ಸಂಗತಿಗಳನ್ನೂ ವಿಚಾರಿಸಿ ಬರೆಯಲಿ: ಕೆಲಸ ನಿಲ್ಲಿಸಿದವರು ಯಾರು, ಅವರು ಕೇಳುವುದೇನು, ಈ ನಡುವೆ ಊರಿನ ಜನರು ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತಿದ್ದಾರೆ. ಪತ್ರವನ್ನು ಓದುವ ತಾಯಿತಂದೆಗಳ ಕಳವಳವೂ ಆಗ ತಗ್ಗುವುದು. ಮಗಳು ಒಂದು ಊರನ್ನು ನಿಜವಾಗಿ ನೋಡಲು ಕಲಿತಿದ್ದಾಳೆಂಬ ಸಂತೋಷವೂ ಅವರಿಗೆ ದೊರೆಯುವುದು.